ಖಾಲಿ ಬಿಲ್ಲೆ

ಕಾಸರಗೋಡಿನ ಬಸ್ ಡಿಪೋ, ಬೆಳಗಿನ ಆರೂ ಕಾಲು.
ಇಪ್ಪತ್ತೆರಡು ಎಂಜಿನುಗಳು ಒಟ್ಟಿಗೆ
ಗಂಟಲು ಸರಿಮಾಡಿಕೊಳ್ಳುವ ಹೊತ್ತು.
ನನ್ನ ಚೀಲದಲ್ಲಿ ಆರು ಪಂಪು, ಏಳು ಬಿಲ್ಲೆ,
ಒಂದು ಕಟ್ಟು ಫಾರಂ, ಮೂರು ಇಡ್ಲಿ.

ಪಂಪು ಸೊಂಟಕ್ಕೆ. ನಳಿಗೆ ಬೆನ್ನ ಮೇಲಿಂದ ಹೆಗಲಿಗೆ.
ಬಿಲ್ಲೆ ಕಾಲರಿಗೆ, ಮೂಗಿನಿಂದ ಒಂದು ಗೇಣಿನೊಳಗೆ.
ನಿಮಿಷಕ್ಕೆ ಎರಡು ಲೀಟರು ಗಾಳಿ ಎಳೆಯುತ್ತದೆ ಅಂದೆ.
ಐತ್ತಪ್ಪ ಬೆಳ್ಚಡರು ಬಾಯಿಲೆಕ್ಕ ಹಾಕಿದರು:
"ಎಂಟು ಗಂಟೆಗೆ ಒಂಬೈನೂರ ಅರುವತ್ತು.
ಹಾಲಿನ ಸೊಸೈಟಿಯ ಹಾಗೆ. ಫ್ಯಾಟು ಎಷ್ಟು ಬರ್ತದೆ ನೋಡುವಾ."

ಫಾರಂ ಮಲಯಾಳದಲ್ಲಿ. ನಾನು ಕೇಳುವುದು ಕನ್ನಡದಲ್ಲಿ.
ಅವರು ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುತ್ತಾರೆ,
ನಾನು ತಿರುಗಿ ಮಲಯಾಳದ ಚೌಕದಲ್ಲಿ ಗೀಟು ಹಾಕಬೇಕು.
ಕೆಮ್ಮು ಉಂಟಾ?
ಎಲ್ಲರಿಗೆ ಇರುವಷ್ಟು.
ಕಫದ ಬಣ್ಣ?
ಸೋಮವಾರದ್ದಾ, ಶನಿವಾರದ್ದಾ?
ಅದಕ್ಕೆ ಚೌಕ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಪಿಟ್ಟಿಗೆ ಇಳಿದರೆ ಬಸ್ಸಿಗೆ ಹೊಟ್ಟೆ ಮಾತ್ರ.
ಕುಂಞಂಬು ಬಲ್ಬು ಹಿಡಿದಿದ್ದಾರೆ, ಮೇಲೆ ಯಾರೋ ರೇಸು ಕೊಡುತ್ತಾರೆ.
ಹೊಗೆ ಮೇಲಕ್ಕೆ ಹೋಗುತ್ತದೆ ಎಂಬುದು
ಒಲೆಯ ಮುಂದೆ ಕೂತವರ ಮಾತು.
ಇಲ್ಲಿ ಅದು ಇಳಿದು ಬಂದು
ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತದೆ,
ಬೀಡಿಗೆ ಬೆಂಕಿ ಕೇಳಲು ಬಂದ ನೆಂಟನ ಹಾಗೆ.

ಆಮೇಲೆ ಊದುವ ಯಂತ್ರ.
ಉಸಿರು ತುಂಬಿಕೊಳ್ಳಿ. ಈಗ ಊದಿ, ಊದಿ, ಬಿಡಬೇಡಿ, ಇನ್ನೂ, ಇನ್ನೂ...
ಪರದೆಯ ಮೇಲೆ ಗೆರೆ ಅರ್ಧ ಗುಡ್ಡ ಹತ್ತಿ
ಎರಡನೇ ಗೇರಿನಲ್ಲಿ ನಿಂತುಹೋಯಿತು.
ಐತ್ತಪ್ಪ ಬಾಯಿ ಒರೆಸಿಕೊಂಡು ಕೇಳಿದರು, ನಗದೆ:
"ಬಸ್ಸಿಗೂ ಹೊಗೆ ಪರೀಕ್ಷೆ ಉಂಟು ಮಾರಾಯ್ತಿ.
ಮುನ್ನಾದಿನ ರಾತ್ರಿ ಡೀಸೆಲು ಸ್ವಲ್ಪ ಕಟ್ಟು ಮಾಡಿ ಇಡ್ತೇವೆ,
ಪಾಸಾಗಿ ಬಂದ ಮೇಲೆ ಪುನಃ ಬಿಡ್ತೇವೆ.
ನನ್ನನ್ನು ಹಾಗೆ ಒಂದು ದಿನಕ್ಕೆ ಟ್ಯೂನು ಮಾಡ್ಲಿಕ್ಕೆ ಆಗ್ತದಾ?
ಮೆಡಿಕಲ್ ಬೋರ್ಡಿಗೆ ಹೋಗ್ಲಿಕ್ಕುಂಟು."

ಮಧ್ಯಾಹ್ನ ಎಣಿಸಿದರೆ ಎರಡು ಪಂಪು ಜಾಗದಲ್ಲಿಲ್ಲ.
ಒಂದನ್ನು ಹಸೈನಾರ್ ಕ್ಯಾಂಟೀನಿನ ಕಿಟಕಿಗೆ ತೂಗುಹಾಕಿದ್ದ,
ಬಾದಾಮಿ ಮರದ ಕಡೆಗೆ ಮುಖ ಮಾಡಿ.
"ಕಪ್ಪು ಬಂದ್ರೆ ಲೈಟ್ ಡ್ಯೂಟಿ. ಓವರ್‌ಟೈಮು ಹೋಗ್ತದೆ."
ಇನ್ನೊಂದು ಹೊಗೆಕೊಳವೆಯ ಬಾಯಿಗೇ ತಂತಿಯಲ್ಲಿ ಬಿಗಿದಿತ್ತು.
ಬಿಗಿದವರು ವೆಲ್ಡರು ಪೌಲ್ ಕ್ರಾಸ್ತಾ.
"ಹತ್ತು ವರ್ಷದಿಂದ ಒಂದು ಫ್ಯಾನು ಕೇಳ್ತಾ ಇದ್ದೇವೆ.
ನಾವು ಹೇಳಿದರೆ ಕೇಳಲಿಲ್ಲ. ಇದು ಹೇಳಲಿ."
ಎರಡೂ ರದ್ದು ಅಂತ ಬರೆಯಬೇಕು. ಬರೆದೆ.
ಮರಳುವಾಗ ಬಸ್ಸಿನಲ್ಲಿ ಕಣ್ಣೆದುರು ಇದ್ದದ್ದು
ಆ ಒಂದು ಬಿಳಿ, ಆ ಒಂದು ಕಪ್ಪು.

ಏಳನೆಯ ಬಿಲ್ಲೆ ಯಾರದ್ದೂ ಅಲ್ಲ.
ಕಾಲರಿಗೆ ಸಿಕ್ಕಿಸುವಂತಿಲ್ಲ, ಪಂಪಿಗೆ ಜೋಡಿಸುವಂತಿಲ್ಲ.
ಡಿಪೋದಲ್ಲಿ ಒಮ್ಮೆ ಮುಚ್ಚಳ ತೆಗೆದು, ಮುಚ್ಚಿ,
ಚೀಲದಲ್ಲೇ ಹೊತ್ತು ತರಬೇಕು. ಅದರ ಹೆಸರೇ ಖಾಲಿ.
ಉಳಿದವು ಎಷ್ಟು ಕಪ್ಪಾದವೆಂದು ತಿಳಿಯಲು
ಏನೂ ಮಾಡದೆ ಸುಮ್ಮನಿದ್ದ ಒಂದು ಬೇಕಲ್ಲ.

ಮೂರು ವಾರ ಬಿಟ್ಟು ಲ್ಯಾಬಿನಿಂದ ಹಾಳೆ ಬಂತು.
ಐತ್ತಪ್ಪ, ತೊಂಬತ್ತೊಂದು. ಕುಂಞಂಬು, ನೂರ ಮೂವತ್ತೆಂಟು.
ಮಿತಿ ಎಂಬ ಕಾಲಮ್ಮಿನಲ್ಲಿ ಉದ್ದಕ್ಕೂ ಅಡ್ಡಗೆರೆ.
ಫ್ಯಾನಿನ ಮಾತಿಗೆ ಎಲ್ಲಿಯೂ ಜಾಗವಿಲ್ಲದೆ
ಕೊನೆಯ ಪುಟದ ಅಡಿಯಲ್ಲಿ ನಾನೇ ಟೈಪು ಮಾಡಿ ಸೇರಿಸಿದೆ.
ಖಾಲಿ ಬಿಲ್ಲೆಯ ಎದುರಿಗೂ ಒಂದು ಅಂಕೆ ಇತ್ತು: ನಾಲ್ಕು.

ತಪ್ಪಾಗಿರಬೇಕು ಅಂದೆ.
ಸಾರ್ ಕನ್ನಡಕ ಒರೆಸುತ್ತಾ ಹೇಳಿದರು,
"ಅಷ್ಟು ಎಲ್ಲಿಯೂ ಇರ್ತದೆ. ಎಲ್ಲರದ್ದರಿಂದ ಕಳೆದುಬಿಡು."

ಕಳೆದೆ. ಐತ್ತಪ್ಪರಿಂದ ನಾಲ್ಕು, ಕುಂಞಂಬುವಿನಿಂದ ನಾಲ್ಕು.
ಹೊಸ ಬಸ್‌ಸ್ಟ್ಯಾಂಡಿನಲ್ಲಿ ನಾನು ಬದಿಯಡ್ಕದ ಬಸ್ಸು ಕಾದ ಅರ್ಧ ಗಂಟೆ,
ಚೆರ್ಕಳದ ತಿರುವಿನಲ್ಲಿ ಮುಂದಿನ ಲಾರಿ ಬಿಟ್ಟದ್ದು,
ನೆಲ್ಲಿಕಟ್ಟೆಯಲ್ಲಿ ಹತ್ತಿದ ಹೆಂಗಸಿನ ಮಡಿಲಲ್ಲಿ ನಿದ್ದೆಹೋದ ಮಗು,
ಅದರ ತೆರೆದ ಬಾಯಿ,
ಎಲ್ಲ ಸೊನ್ನೆ ಅಂತ ಹಿಡಿದು
ಅಲ್ಲಿಂದ ಎಣಿಕೆ ಶುರು.